ಸಾಂಬ್ರಾಣಿ ಹಾಕಿ ಬೇಯಿಸಿದ ಮೀನು

ಮೀನನ್ನು ಬೇಗ ಬೇಯಿಸುವುದು ಹೇಗೆ ಎಂದು ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಕಚೇರಿಯಿಂದ ಸುಸ್ತಾಗಿ ಬಂದು, ಚಪ್ಪಲಿ ಬಿಟ್ಟು, ಸೀದಾ ಒಲೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳು. ಅವರಿಗೆ ಹೇಳಿಕೊಡುತ್ತೇನೆ, ಇಲ್ಲ ಅನ್ನುವುದಿಲ್ಲ. ಮಸಾಲೆ ಭಾನುವಾರವೇ ರುಬ್ಬಿ ಫ್ರಿಜ್ಜಿನಲ್ಲಿಡಿ. ಮೀನನ್ನು ಅಂಗಡಿಯಲ್ಲೇ ಕೊಯ್ಸಿ, ತೊಳೆಸಿ ತನ್ನಿ. ಮೊದಲು ಸಾರು ಕುದಿಯಲಿ, ಆಮೇಲೆ ಮೀನು ಬಿಡಿ. ಬಿಟ್ಟ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ. ಅಷ್ಟೇ. ಅನ್ನ ಆಗುವ ಮುಂಚೆ ಮೀನು ಆಗಿರುತ್ತದೆ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಈ ಅವಸರವನ್ನು ನಾನು ಎಲ್ಲಿ ಕಲಿತೆ ಅನ್ನುವುದನ್ನೂ ಹೇಳಿದರೆ ಪಾಪ, ಅವರಿಗೆ ಆ ಮೀನು ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ, ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯವರು ಗಂಡ ಹೆಂಡತಿ, ಇಬ್ಬರೂ ಮೇಷ್ಟರಾಗಿ ನಿವೃತ್ತರಾದವರು. ಮನೆ ಕೊಡುವಾಗ ಆಕೆ ಒಂದೇ ಒಂದು ಮಾತು ಕೇಳಿದ್ದರು, ಅದೂ ಬಹಳ ಸಂಕೋಚದಿಂದ: ನಿಮ್ಮದು ಕರಾವಳಿ ಅಂತೀರಿ, ಮನೇಲಿ ಅದೆಲ್ಲ ಮಾಡ್ತೀರೇನಮ್ಮಾ ಎಂದು. ಇಲ್ಲ ಅಂದೆ. ಆಗ ಅದು ನಿಜವೇ ಆಗಿತ್ತು. ಒಂಟಿ ಹೆಂಗಸು ನಾನು, ಕೆ.ಜಿ. ರಸ್ತೆಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಸಂಜೆ ಬಂದು ಅನ್ನಕ್ಕೊಂದು ತಿಳಿಸಾರು ಮಾಡಿಕೊಂಡರೆ ನನ್ನ ದಿನ ಮುಗಿಯುತ್ತಿತ್ತು. ಮೀನು ತಿನ್ನಬೇಕು ಅನ್ನಿಸಿದರೆ ರಜಕ್ಕೆ ಊರಿಗೆ ಹೋಗುತ್ತಿದ್ದೆ. ಕುಂದಾಪುರದ ಕಡೆ ನಮ್ಮ ಮನೆ. ಅಲ್ಲಿ ಅಮ್ಮ ಇದ್ದಳು, ಮೀನಿಗೆ ಬರವಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ಸೋದರಮಾವ ಬಸ್ಸಿನಲ್ಲಿ ಕರೆತಂದು ನನ್ನ ಬಳಿ ಬಿಟ್ಟ. ಜತೆಗೆ ಒಂದು ಮೂಟೆ ಕುಚ್ಚಲಕ್ಕಿ, ಒಂದು ಡಬ್ಬಿ ತುಂಬ ಒಣಮೀನು, ಒಣ ಸಿಗಡಿ. ಆ ಡಬ್ಬಿಯನ್ನು ನಾನು ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ಬಟ್ಟೆ ಸುತ್ತಿ, ಅಟ್ಟದ ಮೂಲೆಗೆ ತಳ್ಳಿದೆ. ಅಮ್ಮ ನೋಡುತ್ತ ಕೂತಿದ್ದಳು. ಮಾವ ಹೊರಡುವಾಗ ಮೆಟ್ಟಿಲ ಮೇಲೆ ನನ್ನನ್ನು ಕರೆದು, ಅಕ್ಕ ಅಲ್ಲಿ ಒಂದು ತಿಂಗಳಿಂದ ಸರಿಯಾಗಿ ಉಂಡಿಲ್ಲ, ಇಲ್ಲಾದರೂ ಉಣ್ಣುವ ಹಾಗೆ ನೋಡಿಕೋ ಅಂದ. ನೋಡಿಕೊಳ್ಳುತ್ತೇನೆ ಅಂದೆ.

ಅವಳು ಉಣ್ಣಲಿಲ್ಲ. ಹುಳಿ ಮಾಡಿದೆ, ಗೊಜ್ಜು ಮಾಡಿದೆ, ಗಾಂಧಿ ಬಜಾರಿನ ತರಕಾರಿಯನ್ನೆಲ್ಲ ಒಂದು ಸುತ್ತು ತಂದು ಮುಗಿಸಿದೆ. ಎರಡು ತುತ್ತು ಬಾಯಿಗಿಟ್ಟು ಮೂರನೆಯದನ್ನು ತಟ್ಟೆಯಲ್ಲೇ ಕಲಸುತ್ತ ಕೂರುವಳು. ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ನಾಡಿ ಹಿಡಿದು, ಕಣ್ಣರೆಪ್ಪೆ ಎಳೆದು ನೋಡಿ, ಕಾಯಿಲೆ ಅಂತ ಏನೂ ಕಾಣಿಸುವುದಿಲ್ಲ, ಊಟ ಹೋಗಬೇಕು, ಹೋಗದಿದ್ದರೆ ಇವರು ಉಳಿಯುವುದು ಕಷ್ಟ ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. ಆ ಸಂಜೆ ಅಮ್ಮನ ಮುಂದೆ ಕೂತು, ನಿನಗೆ ಏನು ಬೇಕು ಹೇಳು, ಏನು ಬೇಕಾದರೂ ತರುತ್ತೇನೆ ಅಂದೆ.

ಅವಳು ಮೊದಲು ಕೆಳಗಿನ ಮನೆಯ ಕಡೆ ಒಂದು ಸಲ ಕಿವಿಗೊಟ್ಟಳು. ಆಮೇಲೆ ಅಂದಳು, "ಮೀನಿಲ್ದೆ ಅನ್ನ ಗಂಟ್ಲಂಗೆ ಇಳಿತಿಲ್ಲ ಮಗಾ. ನಾ ಎಂತ ಮಾಡುದ್?"

ಹೀಗೆ ಶುರುವಾಯಿತು. ಸೋಮವಾರ ಮತ್ತು ಗುರುವಾರ ಸಂಜೆ ಮನೆಯವರಿಬ್ಬರೂ ಮಠದ ಪ್ರವಚನಕ್ಕೆ ಹೋಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹೊರಟರೆ ಊಟದ ಹೊತ್ತಿಗೆ ವಾಪಸು. ಆ ನಡುವೆ ಸಿಕ್ಕಿದ್ದಷ್ಟು ನಮ್ಮದು. ಅಷ್ಟರಲ್ಲಿ ಮೀನು ಬೇಯಬೇಕು, ಅಮ್ಮ ಉಣ್ಣಬೇಕು, ಪಾತ್ರೆ ತೊಳೆಯಬೇಕು, ವಾಸನೆ ಹೋಗಬೇಕು.

ಕಚೇರಿ ಬಿಟ್ಟವಳೇ ಸಿಟಿ ಮಾರ್ಕೆಟ್ಟಿಗೆ ಓಡುತ್ತಿದ್ದೆ. ಅಲ್ಲಿ ನನ್ನದೊಂದು ಖಾಯಂ ಅಂಗಡಿ, ಒಬ್ಬ ಹೆಂಗಸು ಕೂರುತ್ತಿದ್ದಳು. ಬೂತಾಯಿಯಾಗಲಿ ಬಂಗುಡೆಯಾಗಲಿ, ಕರುಳು ತೆಗೆದು ತಲೆ ಕೊಯ್ದು ಉಪ್ಪು ಹಚ್ಚಿ ತೊಳೆದು ಕೊಡಬೇಕು. ಮನೆಯಲ್ಲಿ ಒಂದು ಹುರುಪೆಯೂ ಬೀಳಬಾರದು. ನಾನು ಕೊಟ್ಟ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಗೆ ಅದನ್ನು ತುಂಬಿ, ಡಬ್ಬಿಗೆ ಒಂದು ಪ್ಲಾಸ್ಟಿಕ್ಕು, ಅದಕ್ಕಿನ್ನೊಂದು ಪ್ಲಾಸ್ಟಿಕ್ಕು ಹಾಕಿ ಗಂಟು ಬಿಗಿಯುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕಾ, ಮೀನ್ ತಗೊಂಡೋಗ್ತಿದೀರೋ, ಕದ್ದ ಒಡವೆ ತಗೊಂಡೋಗ್ತಿದೀರೋ?"

ಡಬ್ಬಿಯ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು, ಅದರ ಮೇಲೆ ಒಂದು ಮೊಳ ಕನಕಾಂಬರ. ಬ್ಯಾಗಿನ ಬಾಯಿಂದ ಸೊಪ್ಪು ಇಣುಕುತ್ತಿರಬೇಕು. ಒಂದು ಸೋಮವಾರ ಮನೆಯಾಕೆ ಗೇಟಿನಲ್ಲೇ ಸಿಕ್ಕರು, ಪ್ರವಚನಕ್ಕೆ ಹೊರಟಿದ್ದರು. ಅಯ್ಯೋ, ಎಷ್ಟು ಎಳೇ ದಂಟು, ನಾಳೆಗೆ ನಂಗೂ ಒಂದರ್ಧ ಕಟ್ಟು ಕೊಡಮ್ಮಾ ಎಂದು ಬ್ಯಾಗಿಗೆ ಕೈ ಹಾಕಲು ಬಂದರು. ನಾನೇ ತೆಗೆದುಕೊಡ್ತೀನಿ ಆಂಟಿ ಅಂತ ಪೂರಾ ಕಟ್ಟನ್ನು ಎತ್ತಿ ಅವರ ಕೈಗಿಟ್ಟೆ. ಮಾರನೆಯ ದಿನ ಅದರ ಹುಳಿ ಒಂದು ಬಟ್ಟಲು ಮೇಲೆ ಬಂತು. ಅಮ್ಮ ಅದನ್ನು ಮುಟ್ಟಲಿಲ್ಲ, ನಾನು ತಿಂದೆ. ಒಳ್ಳೆಯ ಹುಳಿ.

ಅಡುಗೆ ಅಂದರೆ ಅದು ಅಡುಗೆಯಲ್ಲ, ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊರಗೆ ಹಾಕುವ ಗಡಿಬಿಡಿ. ಕಿಟಕಿ ಮುಚ್ಚು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಒತ್ತು. ಮೆಣಸು, ಕೊತ್ತಂಬರಿ, ಹುಣಿಸೆ, ಕಾಯಿ ರುಬ್ಬಿಟ್ಟದ್ದು ಇದ್ದೇ ಇತ್ತು. ನೀರು ಬೆರೆಸಿ ಒಲೆಯ ಮೇಲಿಟ್ಟರೆ ಕುದಿ ಬರುವುದರೊಳಗೆ ಪಕ್ಕದ ಒಲೆಯಲ್ಲಿ ತೆಂಗಿನ ಕರಟಕ್ಕೆ ಬೆಂಕಿ ಹತ್ತಿಸುತ್ತಿದ್ದೆ. ಮೀನು ಸಾರಿಗೆ ಬೀಳುವುದಕ್ಕೂ ಕರಟದ ಕೆಂಡ ಧೂಪದ ಬಟ್ಟಲಿಗೆ ಬೀಳುವುದಕ್ಕೂ ಸರಿಹೋಗಬೇಕು. ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಪುಡಿ. ಹೊಗೆ ಎದ್ದು ಕೋಣೆ ತುಂಬಿ, ಎದುರಿಗಿರುವ ಅಮ್ಮನ ಮುಖವೇ ಮಸುಕಾಗುತ್ತಿತ್ತು. ಆ ಹೊಗೆಯಲ್ಲಿ ಅವಳು ಉಣ್ಣುವಳು. ಕಣ್ಣಲ್ಲಿ ನೀರು ಬರುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಮುಳ್ಳು ಬಿಡಿಸುವ ಅವಳ ಬೆರಳು ನೋಡುತ್ತ ನಾನು ಕಿವಿಯನ್ನು ಗೇಟಿಗೆ ಇಟ್ಟಿರುತ್ತಿದ್ದೆ. ಅವಳೂ ಇಟ್ಟಿರುತ್ತಿದ್ದಳು. ಕೆಳಗೆ ಗೇಟು ಕಿರ್ರ್ ಅಂದರೆ ಸಾಕು, "ಅವ್ರ್ ಬಂದ್ರ್" ಅನ್ನುವಳು, ತಟ್ಟೆಗೆ ತಟ್ಟೆ ಮುಚ್ಚುವಳು.

ಕೆಲವು ಅಡುಗೆ ಆ ಮನೆಗೆ ನಿಷಿದ್ಧ. ಹುರಿಯುವ ಹಾಗಿಲ್ಲ. ಒಣಮೀನು ಸುಡುವುದಂತೂ ಕನಸಿನಲ್ಲೂ ಇಲ್ಲ. ಎಲ್ಲಕ್ಕಿಂತ ಬೇಗ ಆಗುವ ಮೀನಿನೂಟ ಅದೇ. ಬೆಂಕಿಯ ಮೇಲೆ ಎರಡು ಮಗ್ಗುಲು ತಿರುಗಿಸಿದರೆ ಆಯಿತು, ಗಂಜಿಗೆ ನೆಂಚಿಕೊಳ್ಳಬಹುದು. ಆದರೆ ಆ ವಾಸನೆಗೆ ಯಾವ ಸಾಂಬ್ರಾಣಿಯೂ ಸಾಟಿಯಲ್ಲ, ಬೀದಿಗೆ ಬೀದಿಯೇ ತಿರುಗಿ ನೋಡುತ್ತದೆ. ಅಟ್ಟದ ಡಬ್ಬಿ ಅಟ್ಟದಲ್ಲೇ ಇತ್ತು.

ಮೀನು ಸಿಕ್ಕ ಎರಡು ದಿನದ ಬಲದಲ್ಲಿ ಅಮ್ಮ ಉಳಿದ ದಿನಗಳಲ್ಲೂ ಅಷ್ಟಿಷ್ಟು ಉಣ್ಣತೊಡಗಿದಳು. ಬಳೆ ಮಣಿಕಟ್ಟಿಗೆ ಇಳಿಯಿತು. ಮನೆಯಾಕೆ ಒಮ್ಮೆ ನನ್ನನ್ನು ಕರೆದು, ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ತಪ್ಪದೆ ಧೂಪ ಹಾಕ್ತೀಯಲ್ಲಮ್ಮ, ಈಗಿನ ಕಾಲದಲ್ಲಿ ಯಾರು ಮಾಡ್ತಾರೆ ಎಂದು ಮೆಚ್ಚಿಕೊಂಡರು. ಅವರ ಮುಖದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ಎರಡು ಬೆಕ್ಕುಗಳ ಕಡೆ ನೋಡಿ, ಇವಕ್ಕೂ ಭಕ್ತಿ ಜಾಸ್ತಿಯಾಗಿದೆ ಅಂದರು.

ಒಂದೆರಡು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಅಮ್ಮನಿಗೆ ಮರೆವು ಹತ್ತಿತು. ಮೊದಮೊದಲು ಉಪ್ಪು ಹಾಕಿದೆನೋ ಇಲ್ಲವೋ, ಹಲ್ಲುಜ್ಜಿದೆನೋ ಇಲ್ಲವೋ ಅನ್ನುವಷ್ಟೇ. ಆಮೇಲೆ ಅಪ್ಪ ದೋಣಿಯಿಂದ ಬಂದರಾ ಅಂತ ಕೇಳಿದಳು. ವಾರ, ತಿಥಿ ಎಲ್ಲ ಕಳಚಿಹೋದವು. ಉಳಿದದ್ದು ಒಂದು ಗುರುತು. ಒಂದು ಶುಕ್ರವಾರ ಕೆಳಗಿನವರು ದೇವರಿಗೆ ಸಾಂಬ್ರಾಣಿ ಹಾಕಿದ್ದರು, ಕಿಟಕಿಯಿಂದ ಹೊಗೆ ಮೇಲೆ ಬಂತು. ಅಮ್ಮ ಮಂಚದಿಂದೆದ್ದು, ತಟ್ಟೆ ತೆಗೆದುಕೊಂಡು ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಇವತ್ತು ಶುಕ್ರವಾರ ಕಣಮ್ಮ, ಇವತ್ತು ಇಲ್ಲ ಅಂದರೆ ನಂಬಲಿಲ್ಲ, ಮೂಗು ಮೇಲೆತ್ತಿ ತೋರಿಸಿದಳು. ನನಗೆ ನಗು ಬಂತು. ಕಚೇರಿಯಲ್ಲೂ ಅದನ್ನು ಹೇಳಿ ನಗಿಸಿದ್ದೆ.

ಮನೆಯವರ ಸತ್ಯನಾರಾಯಣ ಪೂಜೆ ಒಂದು ಬುಧವಾರ ಸಂಜೆ. ಬಂಧುಗಳು, ಮಠದವರು, ಬೀದಿಯವರು ಎಲ್ಲರನ್ನೂ ಕರೆದಿದ್ದರು. ಕಚೇರಿಯಿಂದ ಬೇಗ ಬಂದು ಎಲೆ ಹಾಕುವುದಕ್ಕೆ ಕೈ ಜೋಡಿಸುತ್ತೇನೆ ಎಂದು ನಾನೇ ಹೇಳಿದ್ದೆ. ಗಾಂಧಿ ಬಜಾರಿನಲ್ಲಿ ಇಳಿದು ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಕೊಂಡೆ. ನಮ್ಮ ಅಡ್ಡರಸ್ತೆಗೆ ತಿರುಗಿದಾಗ ಮೊದಲು ಸಾಂಬ್ರಾಣಿಯ ಪರಿಮಳ ಬಂತು. ನಾಲ್ಕು ಹೆಜ್ಜೆ ಆಚೆ, ಅದರೊಳಗಿಂದ ಇನ್ನೊಂದು. ನನ್ನ ಹುಟ್ಟೂರಿನ ಎಲ್ಲ ಮಳೆಗಾಲಗಳ ವಾಸನೆ ಅದು, ಮೂಗಿಗೆ ಅಪರಿಚಿತವಾಗುವ ಹಾಗೇ ಇಲ್ಲ.

ಗೇಟಿನ ಬಳಿ ಜನ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ಹೊರಗೆ ನಿಂತಿದ್ದರು. ಒಳಗೆ ಪುರೋಹಿತರು ಕಥೆ ಓದುವುದನ್ನು ನಿಲ್ಲಿಸಿದ್ದರು. ಮನೆಯಾಕೆಯ ಗಂಡ ಕೈಯಲ್ಲಿ ಅಕ್ಷತೆ ಹಿಡಿದು ಕೂತಲ್ಲೇ ಕೂತಿದ್ದರು, ತಲೆ ಎತ್ತಲಿಲ್ಲ. ನಾನು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿದೆ. ಬೆಕ್ಕುಗಳು ನನ್ನನ್ನು ದಾಟಿ ಮೇಲಕ್ಕೆ ಓಡಿದವು.

ಬಾಗಿಲು ಹಾರುಹೊಡೆದಿತ್ತು. ಅಟ್ಟದ ಕೆಳಗೆ ಸ್ಟೂಲು. ಡಬ್ಬಿ ಬಾಯಿ ತೆರೆದು ನೆಲದ ಮೇಲಿತ್ತು. ಅಮ್ಮ ಒಲೆಯ ಬೆಂಕಿಯ ಮೇಲೆ ಒಣ ಬಂಗುಡೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದಳು. ನನಗೂ ಒಂದು ತಟ್ಟೆ ಇಟ್ಟಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಅಪ್ಪ ಹೋದ ಮೇಲೆ ಆ ಮುಖವನ್ನು ನಾನು ಕಂಡೇ ಇರಲಿಲ್ಲ.

"ಸಾಂಬ್ರಾಣಿ ಪರಿಮಳ ಬಂತಲ್ದಾ," ಅಂದಳು. "ನೀ ಬಪ್ಪುಕೆ ತಡ ಆತ್ತ್ ಅಂದ್ಕಂಡ್ ನಾನೇ ಸುಟ್ಟೆ. ಬೇಗ ಉಣ್ಣ್, ಅವ್ರ್ ಬಪ್ಪುದ್ರೊಳ್ಗೆ."

ಒಲೆ ಆರಿಸಿದೆ. ಬಾಳೆಹಣ್ಣು ಇನ್ನೂ ಕೈಯಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ ಮನೆಯಾಕೆ ತಾವೇ ಮೇಲೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅಮ್ಮ ಮಲಗಿದ್ದ ಮಂಚದ ಕಡೆ ನೋಡಿ, ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ ಮಾತಾಡಿದರು.

"ನಂಗೆ ಗೊತ್ತಿರ್ಲಿಲ್ಲ ಅಂತ ತಿಳ್ಕೋಬೇಡ ಕಣಮ್ಮ. ಬೆಕ್ಕು ಮೆಟ್ಲಲ್ಲಿ ಕೂತಾಗ್ಲೇ ಗೊತ್ತಾಗಿತ್ತು. ನಿಮ್ಮಮ್ಮನ ಮುಖ ನೋಡಿ ಗೊತ್ತಿಲ್ಲ ಅಂತಿದ್ದೆ. ನಿನ್ನೆ ಎಲ್ಲರ ಮುಂದೆ ಗೊತ್ತಾಗೋಯ್ತು. ಇನ್ಮೇಲೆ ಗೊತ್ತಿಲ್ಲ ಅಂತ ಹೆಂಗಿರ್ಲಿ, ನೀನೇ ಹೇಳು."

ಪೂಜೆ ಮತ್ತೆ ಮಾಡಿಸಬೇಕು ಅಂದರು, ಆಚಾರ್ರು ಬಂದು ಮನೆ ಶುದ್ಧಿ ಮಾಡಬೇಕು ಅಂದರು, ನಿಧಾನವಾಗಿ ಬೇರೆ ಮನೆ ನೋಡಿಕೋ, ಅವಸರವಿಲ್ಲ ಅಂದರು. ಅಳು ಬಂದಿದ್ದು ಅವರಿಗೆ.

ಅವಸರವಿಲ್ಲ ಅಂದರೂ ಇರುವುದು ಹೇಗೆ? ಬೀದಿಯಲ್ಲಿ ಬಾಯಿಗಳು ಎದ್ದಿದ್ದವು. ಬಸವನಗುಡಿ, ಚಾಮರಾಜಪೇಟೆ ಎಲ್ಲ ಕಡೆ ಮನೆ ಕೇಳಿದೆ. ಈ ಸಲ ಮೊದಲೇ ಹೇಳಿಬಿಡುತ್ತಿದ್ದೆ, ಮೀನು ಮಾಡುತ್ತೇವೆ ಎಂದು. ಎರಡನೆಯ ಮಾತು ಕೇಳದೆ ಬಾಗಿಲು ಹಾಕುತ್ತಿದ್ದರು. ಕೊನೆಗೆ ಅಕ್ಕಿಪೇಟೆಯಲ್ಲಿ ಒಂದು ಅಕ್ಕಿ ಮಂಡಿಯ ಮೇಲೆ ಎರಡು ಕೋಣೆ ಸಿಕ್ಕವು. ಮಾಲೀಕರು ಮೀನಿನ ಮಾತಿಗೆ ನಕ್ಕು, ಮಾಡಿದಾಗ ನಮ್ಗೂ ಒಂದು ಬಟ್ಲು ಕಳ್ಸಿ ಅಂದರು.

ಆ ಮನೆಗೆ ಹೋದ ಮೊದಲನೆಯ ಸಂಜೆ ನಾನು ಎಲ್ಲ ಕಿಟಕಿ ತೆರೆದೆ. ಬೀದಿಗೆ ಕಾಣುವ ಹಾಗೆ ಒಲೆ ಹಚ್ಚಿ, ಕಾವಲಿಯ ಮೇಲೆ ಬಂಗುಡೆ ಚುರ್ರ್ ಅನ್ನಿಸಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಹುರಿದ ಮೀನು. ಅಮ್ಮನನ್ನು ಕರೆದು ಕೂರಿಸಿ ಬಿಸಿಬಿಸಿ ಬಡಿಸಿದೆ. ಅವಳು ತಟ್ಟೆ ನೋಡಿದಳು, ತೆರೆದ ಕಿಟಕಿ ನೋಡಿದಳು, ನನ್ನನ್ನು ನೋಡಿದಳು. ಕೈ ಮಡಿಲಲ್ಲೇ ಇತ್ತು.

ಇದು ನಮ್ಮದೇ ಹಾಗೆ, ಇಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದು ಎಷ್ಟು ಹೇಳಿದೆನೋ. ಮಾತು ಅವಳನ್ನು ಮುಟ್ಟುತ್ತಿರಲಿಲ್ಲ. ಎರಡು ದಿನ ನೋಡಿ, ಬೇರೆ ದಾರಿ ಕಾಣದೆ ಕಿಟಕಿ ಮುಚ್ಚಿದೆ, ಬಾಗಿಲ ಸಂದಿಗೆ ಬಟ್ಟೆ ಒತ್ತಿದೆ, ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಹೊಗೆ ಎದ್ದ ಕೂಡಲೇ ಅಮ್ಮ ಎದ್ದು ಬಂದು ತಟ್ಟೆಯ ಮುಂದೆ ಕೂತಳು. ಇಷ್ಟೇ ತಾನೇ, ಬದುಕಿದೆ ಅಂದುಕೊಂಡೆ.

ಆದರೆ ಅದು ಅಕ್ಕಿಪೇಟೆ. ಮಂಡಿಯ ಬೀದಿಯಲ್ಲಿ ಹೆಜ್ಜೆ ಸದ್ದಿಲ್ಲದ ಗಳಿಗೆ ಎಲ್ಲಿಂದ ಬರಬೇಕು? ಕೆಳಗೆ ಹಮಾಲಿಗಳು ಮೂಟೆ ಹೊತ್ತು ಧಪಧಪ ಓಡಾಡುವರು, ಕೈಗಾಡಿ ಗಡಗಡ ಅನ್ನುವುದು, ಶಟರು ಏರುವುದು ಇಳಿಯುವುದು. ಅಮ್ಮ ಒಂದು ತುತ್ತು ಎತ್ತುವಳು, ಕೆಳಗೊಂದು ಹೆಜ್ಜೆ. "ಅವ್ರ್ ಬಂದ್ರ್." ತುತ್ತು ಕೆಳಗೆ, ತಟ್ಟೆಗೆ ತಟ್ಟೆ ಮುಚ್ಚಿ. ಯಾರೂ ಬಂದಿಲ್ಲಮ್ಮ ಎಂದು ಮುಚ್ಚಳ ತೆಗೆದರೆ ಮತ್ತೆ ಎತ್ತುವಳು, ಮತ್ತೆ ಹೆಜ್ಜೆ. ತಟ್ಟೆಯನ್ನು ಮಂಚದ ಕೆಳಗೆ ತಳ್ಳಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೂ ತಿನ್ನದವಳ ಹಾಗೆ ಗೋಡೆ ನೋಡುತ್ತ ಕೂರುವಳು. ಬಾಯಿಗೆ ಒಂದು ಅಗುಳೂ ಹೋಗಿರುತ್ತಿರಲಿಲ್ಲ.

ಬೆಳಗಿನ ಜಾವ ಬಡಿಸಿ ನೋಡಿದೆ, ಅಕ್ಕಿ ಲಾರಿಗಳು ಬರುವ ಹೊತ್ತು ಅದು. ಭಾನುವಾರ ನೋಡಿದೆ, ಕೆಳಗೆ ಲೆಕ್ಕ ಮುಗಿಸುವವರು ಇರುತ್ತಿದ್ದರು. ರೇಡಿಯೋ ಹಾಕಿದೆ, ಆ ದನಿಗೇ ಬೆಚ್ಚಿದಳು. ತುತ್ತು ಮಾಡಿ ಬಾಯಿಗಿಡಲು ಹೋದರೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿ, ನನ್ನ ಮೇಲೆ ಕನಿಕರ ಬಂದವಳ ಹಾಗೆ, "ಬ್ಯಾಡ ಮಗಾ, ಮನಿ ಬಿಡ್ಸ್ತ್ರ್" ಅಂದಳು. ಬಿಡಿಸಿಯಾಗಿತ್ತು. ಅದೊಂದು ಅವಳಿಗೆ ನೆನಪಿರಲಿಲ್ಲ. ಉಳಿದದ್ದನ್ನೆಲ್ಲ ಮರೆತವಳು ಹೆದರಿಕೆಯನ್ನು ಮಾತ್ರ ಮರೆಯಲಿಲ್ಲ.

ಬಳೆ ಮತ್ತೆ ಮೊಣಕೈಗೆ ಹೋಯಿತು, ಆಮೇಲೆ ತೆಗೆದೇ ಇಟ್ಟೆ. ಗ್ಲೂಕೋಸು, ಗಂಜಿ ತಿಳಿ, ಆಸ್ಪತ್ರೆಯ ನಳಿಗೆ, ಎಲ್ಲ ಆಯಿತು. ಮಳೆಗಾಲ ಮುಗಿದು ಊರಲ್ಲಿ ದೋಣಿಗಳು ನೀರಿಗಿಳಿಯುವ ಹೊತ್ತಿಗೆ ಅಮ್ಮ ಹೋದಳು.

ಸೋದರಮಾವ ಬಂದ. ನಮ್ಮ ಕಡೆ ಒಂದು ಪದ್ಧತಿ ಇದೆ. ಕರ್ಮಾಂತರದ ದಿನ ಸತ್ತವರಿಗೆ ಅವರು ಇಷ್ಟಪಟ್ಟಿದ್ದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸುತ್ತೇವೆ. ಮೀನು ತಿನ್ನುವವರಿಗೆ ಮೀನೇ. ಬಡಿಸಿ ದೀಪ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುತ್ತಾರೆ, ಯಾರೂ ನೋಡಬಾರದು, ಸದ್ದು ಮಾಡಬಾರದು. ಊರಲ್ಲಾದರೆ ಅಂಗಳದಲ್ಲಿ ನಿಲ್ಲುತ್ತಿದ್ದೆವು. ಇಲ್ಲಿ ಇದ್ದದ್ದು ಇಕ್ಕಟ್ಟಿನ ಮೆಟ್ಟಿಲು.

ಬೂತಾಯಿ ಸಾರು ಮಾಡಿದೆ, ಬಂಗುಡೆ ಹುರಿದೆ, ಒಣ ಸಿಗಡಿ ಹುರಿದು ಕಾಯಿ ಹಾಕಿ ಚಟ್ನಿ ಅರೆದೆ. ಕುಚ್ಚಲಕ್ಕಿ ಅನ್ನ. ಎಲ್ಲ ಎಲೆಗೆ ಬಡಿಸಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ನಮ್ಮಲ್ಲಿ ಇದಕ್ಕೆ ಸಾಂಬ್ರಾಣಿ ಇಲ್ಲವಲ್ಲ ಎಂದು ಮಾವ ಕೇಳಿದ. ಅವಳಿಗೆ ಬೇಕು ಅಂದೆ. ಕಿಟಕಿಯನ್ನೂ ಮುಚ್ಚಿದೆ.

ಬಾಗಿಲು ಎಳೆದುಕೊಂಡು ಮೆಟ್ಟಿಲಿಗೆ ಬಂದರೆ ಕೆಳಗೆ ಮೂಟೆ ಇಳಿಯುತ್ತಿದ್ದವು. ಧಪ್, ಧಪ್. ನಾನು ಇಳಿದುಹೋಗಿ ಹಮಾಲಿಗಳ ಮೇಸ್ತ್ರಿಗೆ ಕೈ ಮುಗಿದು, ಸ್ವಲ್ಪ ಹೊತ್ತು ನಿಲ್ಲಿಸಿಯಪ್ಪ, ನಮ್ಮಮ್ಮ ಊಟಕ್ಕೆ ಕೂತಿದ್ದಾಳೆ ಅಂದೆ. ಅವಳು ಸತ್ತದ್ದು ಅವರಿಗೆ ಗೊತ್ತಿತ್ತು. ಅವರೇ ಕೆಳಗಿಳಿಸಿ ವಾಹನಕ್ಕೆ ಹೊತ್ತಿದ್ದವರು. ಮೇಸ್ತ್ರಿ ಕೈ ಎತ್ತಿದ. ಹೊತ್ತ ಮೂಟೆಗಳನ್ನು ಮೆಲ್ಲಗೆ ಇಳಿಸಿ ಎಲ್ಲರೂ ಬೀಡಿ ಹಚ್ಚದೆ, ಮಾತಾಡದೆ ಕೂತರು. ಬೀದಿಯ ಆ ತುಂಡು ನಿಶ್ಶಬ್ದವಾಯಿತು. ಅವಳು ಇದ್ದಾಗ ಕೇಳಬಹುದಾಗಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ದಿನಕ್ಕೊಂದು ಊಟದ ಹೊತ್ತು, ಅಷ್ಟೇ. ಕೇಳಿದ್ದರೆ ಕೂರುತ್ತಿದ್ದರೋ ಏನೋ.

ಸಾಕಷ್ಟು ಹೊತ್ತಾದ ಮೇಲೆ ಮಾವ ಬಾಗಿಲು ಮೂರು ಸಲ ತಟ್ಟಿ ತೆರೆದ. ಹೊಗೆಯಲ್ಲಿ ದೀಪ ಕಾಣಿಸಿತು, ಎಲೆ ಕಾಣಿಸಿತು. ಬಡಿಸಿದ್ದು ಬಡಿಸಿದ ಹಾಗೇ ಇತ್ತು, ಹಾಗೇ ಇರುತ್ತದೆ. ಉಂಡಳು ಅಂದ ಮಾವ. ಪದ್ಧತಿಯಂತೆ ಹಾಗೆ ಅನ್ನಬೇಕು. ಆ ಎಲೆಯದನ್ನು ಮನೆಯವರು ಹಂಚಿಕೊಂಡು ತಿನ್ನಬೇಕು. ನಾವಿಬ್ಬರೂ ಎದುರುಬದುರು ಕೂತೆವು.

ಕೆಳಗೆ ಮೂಟೆಗಳು ಮತ್ತೆ ಶುರುವಾದವು. ನಾನು ಮುಳ್ಳನ್ನೂ ಸರಿಯಾಗಿ ಬಿಡಿಸದೆ ಗಬಗಬ ನುಂಗುತ್ತಿದ್ದೆ ಎಂದು ಕಾಣುತ್ತದೆ, ಮಾವ ಕೈ ನಿಲ್ಲಿಸಿ ನೋಡಿದ.

"ನಿಧಾನ ಉಣ್ಣ್ ಮಗಾ," ಅಂದ. "ಇಲ್ಲಿಗ್ ಯಾರ್ ಬತ್ರ್?"

ಯಾರೂ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಮೆಟ್ಟಿಲ ಮೇಲೆ ಒಂದು ಹೆಜ್ಜೆ ಸದ್ದಾಯಿತು. ನನ್ನ ಕೈ ತಾನಾಗಿ ಪಕ್ಕದ ತಟ್ಟೆಯನ್ನು ಎಳೆದು ಎಲೆಯ ಮೇಲೆ ಮುಚ್ಚಿತು.